ಈ ಬ್ಯಾಚೊಂದು ಮುಗಿಯಲಿ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯಜಮಾನರಿಗೆ ಹಿಡಿದದ್ದು ಬಣ್ಣದ ಹುಚ್ಚಲ್ಲ, ಆಪರೇಷನ್ನಿನ ಹೆದರಿಕೆ. ಎರಡು ಕಣ್ಣಿಗೂ ಪೊರೆ ಬಂದಿತ್ತು, ತೆಗೆಸಿಕೊಳ್ಳಲು ಧೈರ್ಯವಿರಲಿಲ್ಲ, ಅದಕ್ಕೆ ತಿಂಗಳುಗಟ್ಟಲೆ ರಾಕ್ಷಸರ ಬೆನ್ನ ಹಿಂದೆ ಅಡಗಿ ಕೂತಿದ್ದರು. ನಡೆದದ್ದು ಇಷ್ಟೇ. ನಮ್ಮ ವಿದ್ಯಾರಣ್ಯಪುರದ ಬೀದಿಯವರು ಇದಕ್ಕೆ ಬೇರೆ ಬೇರೆ ಕಥೆ ಕಟ್ಟಿದ್ದಾರೆ. ರಿಟೈರಾದ ಮೇಲೆ ತಲೆ ಕೆಟ್ಟಿತು ಎನ್ನುವವರಿದ್ದಾರೆ. ಮಾಟ ಮಾಡುತ್ತಾರೆ ಎನ್ನುವವರೂ ಇದ್ದಾರೆ. ಬೆರಳುದ್ದದ ಗೊಂಬೆಗಳ ಕೈ ಕತ್ತರಿಸಿ, ತಲೆ ಕಿತ್ತು, ಸಾಲಾಗಿ ನಿಲ್ಲಿಸಿಕೊಂಡು ಕೂತ ಮುದುಕನನ್ನು ಕಿಟಕಿಯಿಂದ ಕಂಡವರು ಇನ್ನೇನು ಅಂದುಕೊಂಡಾರು? ಆದರೆ ಇವರಿಗೆ ಮಾಟ ಬರುತ್ತಿದ್ದರೆ ಅವರ ಹಳೆಯ ಫೋರ್‌ಮನ್ ಇಷ್ಟು ದಿನ ಬದುಕಿರುತ್ತಿರಲಿಲ್ಲ. ಈಗಲೂ ಗಟ್ಟಿಮುಟ್ಟಾಗಿ ಬೆಳಗಿನ ವಾಕಿಂಗ್ ಹೋಗುತ್ತಾರೆ, ಹೋಗಿ ನೋಡಿ.

ಇವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಬ್ಯಾಚು ಎಂದರೆ ಏನೆಂದು ಗೊತ್ತಿರಬೇಕು. ಇವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಪೇಂಟ್ ಷಾಪಿನಲ್ಲಿದ್ದವರು. ಅಲ್ಲಿ ಒಂದು ಡಬ್ಬಿ ಎತ್ತಿಕೊಂಡು ಅದಕ್ಕೆ ಪೂರ್ತಿ ಬಣ್ಣ ಬಳಿದು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವ ಪದ್ಧತಿ ಇಲ್ಲವಂತೆ. ಮೊದಲು ಎಲ್ಲ ಡಬ್ಬಿಗಳನ್ನೂ ಉಜ್ಜುವುದು. ಆಮೇಲೆ ಎಲ್ಲಕ್ಕೂ ಒಂದು ಕೈ ಬಳಿಯುವುದು. ಎಲ್ಲವೂ ಒಣಗಿದ ಮೇಲೆ ಎಲ್ಲಕ್ಕೂ ಎರಡನೇ ಕೈ. ಯಾವ ಡಬ್ಬಿಯೂ ಇನ್ನೊಂದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಹಾಗಿಲ್ಲ. ಅದೇ ಬ್ಯಾಚು. ಕಾರ್ಖಾನೆಯಲ್ಲಿ ಅದು ಒಳ್ಳೆಯದೇ ಇರಬೇಕು, ಇಲ್ಲದಿದ್ದರೆ ಅಷ್ಟು ಜನ ಯಾಕೆ ಮಾಡುತ್ತಿದ್ದರು? ತೊಂದರೆ ಏನಾಯಿತೆಂದರೆ, ಇವರು ಸಂಜೆ ಸೈರನ್ ಕೂಗಿದ ಮೇಲೆ ಅದನ್ನೂ ಟಿಫನ್ ಕ್ಯಾರಿಯರ್ ಜೊತೆಗೆ ಮನೆಗೆ ತಂದರು.

ಒಮ್ಮೆ ನಾನು ಜ್ವರ ಬಂದು ಮಲಗಿದ್ದೆ. ಚಪಾತಿ ನಾನು ಮಾಡುತ್ತೇನೆ, ನೀನು ಏಳಬೇಡ ಎಂದರು. ಖುಷಿಯಾಯಿತು, ಮಲಗಿದೆ. ಮೊದಲು ಹಿಟ್ಟನ್ನೆಲ್ಲ ಉಂಡೆ ಮಾಡಿದರು. ಆಮೇಲೆ ಉಂಡೆಯನ್ನೆಲ್ಲ ಲಟ್ಟಿಸಿದರು. ಆಮೇಲೆ ಲಟ್ಟಿಸಿದ್ದನ್ನೆಲ್ಲ ಒಂದು ಮಗ್ಗುಲು ಬೇಯಿಸಿ ರಾಶಿ ಹಾಕಿದರು. ಇನ್ನು ಎರಡನೇ ಮಗ್ಗುಲು ಶುರು ಮಾಡಬೇಕು ಎನ್ನುವಾಗ ಗ್ಯಾಸ್ ಮುಗಿಯಿತು. ಅಪ್ಪ, ಅಮ್ಮ, ಮಗಳು ಮೂವರೂ ಆ ರಾಶಿಯನ್ನು ಮುಂದಿಟ್ಟುಕೊಂಡು ಕೂತೆವು.

"ಒಂದೊಂದೇ ಬೇಯ್ಸಿದ್ರೆ ಅರ್ಧನಾದ್ರೂ ತಿನ್ನಂಗೆ ಇರ್ತಿದ್ವಲ್ರೀ" ಎಂದೆ.

"ಎಲ್ಲಾ ಒಂದೇ ಲೆವೆಲ್ಲಲ್ಲಿ ಬಂದಿವೆ. ಅದನ್ನ ನೋಡು" ಎಂದರು.

ಮಗಳ ಮದುವೆಯ ಪತ್ರಿಕೆಯಲ್ಲೂ ಇದೇ. ಕವರುಗಳ ಮೇಲೆ ಒಂದು ದಿನ ಎಲ್ಲಕ್ಕೂ 'ಶ್ರೀಮತಿ ಮತ್ತು ಶ್ರೀ' ಬರೆದರು. ಮಾರನೇ ದಿನ ಎಲ್ಲಕ್ಕೂ ಹೆಸರು. ವಿಳಾಸದ ದಿನ ಫ್ಯಾನಿನ ಗಾಳಿಗೆ ಒಂದು ಕವರು ಹಾರಿ ಮಂಚದ ಕೆಳಗೆ ಸೇರಿತು. ಇವರು ನೋಡಲಿಲ್ಲ. ಅಲ್ಲಿಂದ ಮುಂದಕ್ಕೆ ಪ್ರತಿಯೊಬ್ಬರ ಮನೆಗೂ ಅವರ ಮುಂದಿನವರ ಹೆಸರಿನ ಪತ್ರಿಕೆ ಹೋಯಿತು. ಯಶವಂತಪುರದ ಅಕ್ಕಿ ಮಂಡಿಯವರಿಗೆ ನನ್ನ ಸೋದರಮಾವನ ಹೆಸರಿನದು, ಸೋದರಮಾವನಿಗೆ ನಮ್ಮ ಹಾಲಿನವನ ಹೆಸರಿನದು. ಪುಣ್ಯಕ್ಕೆ ಎಲ್ಲರೂ ಬಂದರು. ಸೋದರಮಾವ ಮಾತ್ರ ಊಟದ ಮನೆಯ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಹಾಲಿನೋರ್ಗೆ ಎಲ್ಲಮ್ಮ ಎಲೆ ಆಕಿದ್ದೀರಾ?" ಎಂದು ಕೇಳಿದರು. ಹಬ್ಬಕ್ಕೆ ಹೋದರೆ ಈಗಲೂ ಕೇಳುತ್ತಾರೆ.

ಇಂಥವರು ರಿಟೈರಾಗಿ ಮನೆಯಲ್ಲಿ ಕೂತರೆ ಏನಾಗಬೇಕು? ಬ್ಯಾಚಿಲ್ಲದೆ ಸೊರಗಿದರು. ಒಂದು ವಾರ ಇಡೀ ತಿಂಗಳಿನ ಬೆಳ್ಳುಳ್ಳಿ ಸುಲಿದಿಟ್ಟರು. ಇನ್ನೊಂದು ವಾರ ಮನೆಯ ಛತ್ರಿಗಳನ್ನೆಲ್ಲ ಬಿಚ್ಚಿದರು, ಜೋಡಿಸುವ ದಿನ ಮಳೆ ಬಂತು. ನಾನು ಹೊರಗೆ ಹೋಗುವಾಗ ಪಕ್ಕದ ಮನೆಯಿಂದ ಛತ್ರಿ ಕೇಳಿ ತಂದೆ. ಈ ಮನುಷ್ಯನಿಗೆ ಒಂದು ಕೆಲಸ ಕೊಡಪ್ಪ ಎಂದು ನಾನು ದೇವರನ್ನು ಕೇಳಿಕೊಂಡದ್ದು ನಿಜ. ಎಂಥ ಕೆಲಸ ಎಂದು ಬಿಡಿಸಿ ಹೇಳಬೇಕಿತ್ತು.

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವರು ಒಬ್ಬ ಮೇಷ್ಟ್ರು. ಗದಗಿನ ಕಡೆಯವರು, ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದಿದೆ, ಮನೆಯಲ್ಲಿ ಹೆಂಡತಿ ಇದ್ದಾಳೆ, ಆದರೂ ಭಾನುವಾರ ಸ್ನೇಹಿತರನ್ನು ಕರೆದುಕೊಂಡು ಬಂದು ಗೊಂಬೆ ಆಟ ಆಡುತ್ತಾರೆ. ಸುಳ್ಳಲ್ಲ. ಮೇಜಿನ ಮೇಲೆ ಮೈದಾನದ ಹಾಗೆ ಗೆರೆ ಹೊಡೆದ ಬಟ್ಟೆ ಹಾಸುತ್ತಾರೆ. ಆ ಕಡೆ ಒಂದು ತಂಡ, ಈ ಕಡೆ ಒಂದು ತಂಡ. ತಂಡ ಎಂದರೆ ಮನುಷ್ಯರದ್ದಲ್ಲ, ರಾಕ್ಷಸರು, ಕುಳ್ಳರು, ಕೋರೆಹಲ್ಲಿನವರು, ಕತ್ತೆಕಿವಿಯವರು. ಚೆಂಡು ಹಿಡಿದು ಆ ತುದಿಗೆ ಓಡಬೇಕು, ಅಡ್ಡ ಬಂದವನನ್ನು ಬಡಿದು ಕೆಡವಬೇಕು. ಕಬಡ್ಡಿಯೂ ಅಲ್ಲ, ಫುಟ್‌ಬಾಲೂ ಅಲ್ಲ. ಓಡುವುದೂ ಬಡಿಯುವುದೂ ದಾಳ ಹಾಕಿ. ಆಡುವವರು ಕೂತ ಜಾಗದಿಂದ ಏಳುವುದಿಲ್ಲ, ಬೆವರು ಮಾತ್ರ ಸುರಿಯುತ್ತದೆ.

ಆ ಮೇಷ್ಟ್ರು ಒಂದು ದಿನ ರಟ್ಟಿನ ಡಬ್ಬಿ ಹಿಡಿದುಕೊಂಡು ಕೆಳಗೆ ಬಂದರು. "ಕಾಕಾರ, ನೀವು ಪೇಂಟ್ ಷಾಪ್‌ನ್ಯಾಗ ಇದ್ರಂತಲ್ರೀ. ಇವಕ್ಕ ಒಂದೀಟು ಬಣ್ಣ ಹಚ್ಚಿಕೊಡ್ತೀರೇನು?"

ಡಬ್ಬಿಯಲ್ಲಿ ಹದಿನಾರು ಗೊಂಬೆಗಳಿದ್ದವು. ನಮ್ಮವರು ಒಂದನ್ನು ಎತ್ತಿ ನೋಡಲಿಲ್ಲ. ಹದಿನಾರನ್ನೂ ಸಾಲಾಗಿ ನಿಲ್ಲಿಸಿ ನೋಡಿದರು. ಅವರ ಮುಖದಲ್ಲಿ ಅಂಥ ಕಳೆ ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ.

ಬರೀ ಬಣ್ಣ ಬಳಿದು ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಗೊಂಬೆಗಳು ಯುದ್ಧ ಮಾಡುವ ಗೊಂಬೆಗಳು. ಕೈಯಲ್ಲಿ ಕತ್ತಿ, ಕೊಡಲಿ. ಚೆಂಡಾಟಕ್ಕೆ ಬೇರೆಯೇ ಗೊಂಬೆಗಳು ಬರುತ್ತವಂತೆ, ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲವಂತೆ. ಅದಕ್ಕೆ ಯುದ್ಧದವನನ್ನೇ ಆಟಗಾರನಾಗಿ ಮಾರ್ಪಡಿಸುವುದು. ಕತ್ತಿಯ ಕೈ ಕತ್ತರಿಸುವುದು, ಒಬ್ಬನ ತಲೆ ಇನ್ನೊಬ್ಬನಿಗೆ ಅಂಟಿಸುವುದು, ಸಂದಿನಲ್ಲಿ ಮೈದಾಹಿಟ್ಟಿನಂಥ ಒಂದು ಅಂಟು ತುಂಬಿ ಹೊಸ ತೋಳು ತಿದ್ದುವುದು, ಕತ್ತಿ ಇದ್ದಲ್ಲಿ ಚೆಂಡು ಇಡುವುದು. ಕತ್ತಿ ಹಿಡಿದವನ ಕೈಗೆ ಚೆಂಡು ಕೊಡುವುದು ಒಳ್ಳೆಯ ಕೆಲಸ, ಅದನ್ನು ನಾನು ಒಪ್ಪುತ್ತೇನೆ. ಆದರೆ ಇವರು ಮೊದಲ ವಾರ ಹದಿನಾರು ಜನರ ಕೈಯನ್ನೂ ಕತ್ತರಿಸಿಟ್ಟರು, ಎರಡನೇ ವಾರ ಹದಿನಾರು ಜನರ ತಲೆ. ಕಸಮುಸುರೆಗೆ ಬರುವಾಕೆ ಬಾಗಿಲಿಂದ ಒಳಗೆ ಇಣುಕಿ, ತಟ್ಟೆಯ ತುಂಬ ತಲೆಗಳನ್ನು ನೋಡಿ, ಪೊರಕೆಯನ್ನು ಅಲ್ಲೇ ಒರಗಿಸಿ ಹೋದಳು. ಆ ಕೋಣೆ ಗುಡಿಸುವುದು ಅವತ್ತಿನಿಂದ ನನ್ನ ಪಾಲಿಗೆ ಬಂತು.

ಇನ್ನು ಮುಚ್ಚಳದ ವಿಷಯ. ಗೊಂಬೆಯನ್ನು ಬರಿಗೈಯಲ್ಲಿ ಹಿಡಿದು ಬಣ್ಣ ಬಳಿದರೆ ಬೆರಳಿಗೆ ಹತ್ತುತ್ತದೆ. ಅದಕ್ಕೆ ಒಂದೊಂದನ್ನೂ ಒಂದೊಂದು ಬಾಟಲಿ ಮುಚ್ಚಳದ ಮೇಲೆ ಅಂಟಿಸಿ, ಮುಚ್ಚಳ ಹಿಡಿದು ಬಳಿಯಬೇಕಂತೆ. ಹದಿನಾರು ಮುಚ್ಚಳ ಎಲ್ಲಿಂದ ಬಂದವು? ಕೊಬ್ಬರಿ ಎಣ್ಣೆಯದು, ಜೇನುತುಪ್ಪದ್ದು, ಫಿನಾಯಿಲಿನದ್ದು, ಫ್ರಿಜ್ಜಿನ ನೀರಿನ ಬಾಟಲಿಗಳದ್ದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಬಾಟಲಿಗಳೆಲ್ಲ ಬಾಯಿ ತೆರೆದುಕೊಂಡು ನಿಂತಿವೆ. ನನ್ನ ಮಂಡಿನೋವಿನ ಎಣ್ಣೆ ಮಂಚದ ಪಕ್ಕ ಚೆಲ್ಲಿ, ಆ ವಾರವೆಲ್ಲ ನೆಲಕ್ಕೆ ಮಂಡಿನೋವು ಇರಲಿಲ್ಲ, ನನಗೆ ಇತ್ತು.

ಬಣ್ಣ ಶುರುವಾಯಿತು. ಮೊದಲು ಎಲ್ಲರಿಗೂ ಕಪ್ಪು. ಅದು ಡಬ್ಬಿಯಿಂದ ಬುಸ್ಸೆಂದು ಹಾರಿಸುವ ಬಣ್ಣ, ತೆರೆದ ಜಾಗ ಬೇಕು, ಆದ್ದರಿಂದ ತಾರಸಿಗೆ ಹೋದರು. ತಾರಸಿಯಲ್ಲಿ ನಾನು ಅರಳು ಸಂಡಿಗೆ ಇಟ್ಟಿದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವ ಬುದ್ಧಿ ಇವರಿಗೂ ಇರಲಿಲ್ಲ, ಗಾಳಿಗೂ ಇರಲಿಲ್ಲ. ಪಕ್ಕದ ತಾರಸಿಯಿಂದ ಆ ಮನೆಯ ಸೊಸೆ ಬಗ್ಗಿ ನೋಡಿ, ಸಂಡಿಗೆಗೆ ಎಳ್ಳು ಜಾಸ್ತಿ ಆಯಿತಲ್ಲವೇ ಆಂಟಿ ಎಂದಳು.

"ಎಳ್ಳಲ್ಲಮ್ಮ, ಮೊದಲ್ನೇ ಕೈ" ಎಂದೆ.

ಕಪ್ಪಿನ ಮೇಲೆ ಎಲ್ಲರಿಗೂ ಹಸಿರು ಚರ್ಮ. ಆಮೇಲೆ ಎಲ್ಲರಿಗೂ ಬೂಟು. ಆಮೇಲೆ ಎಲ್ಲರಿಗೂ ಅಂಗಿ. ಮೇಷ್ಟ್ರು ಕೆಂಪು ಅಂಗಿ ಹೇಳಿದ್ದರು, ಇವರು ತಮ್ಮ ಕಾರ್ಖಾನೆಯ ಯೂನಿಫಾರ್ಮಿನ ನೀಲಿಯನ್ನೇ ಬಳಿದರು. ಕೇಳಿದರೆ, ಕೆಲಸ ಮಾಡುವವರ ಬಟ್ಟೆ ನೀಲಿಯೇ ಇರಬೇಕು ಎಂದರು. ಇಷ್ಟೆಲ್ಲ ಆದ ಮೇಲೆ ಬಾಣಲೆ ತೊಳೆದ ನೀರಿನಂಥ ಕಂದು ಬಣ್ಣವನ್ನು ಎಲ್ಲರ ತಲೆಯ ಮೇಲೂ ಸುರಿದರು. ಕಷ್ಟಪಟ್ಟು ಬಳಿದದ್ದನ್ನು ಯಾಕೆ ಹಾಳು ಮಾಡುತ್ತೀರಿ ಎಂದೆ. ಅದು ಸಂದಿಗೊಂದಿಯಲ್ಲಿ ನಿಂತು ನೆರಳು ಕೊಡುತ್ತದಂತೆ. ನಮ್ಮ ಅಡುಗೆಮನೆಯ ಸಂದಿಗೊಂದಿಯಲ್ಲೂ ಅಂಥದ್ದೇ ನಿಂತಿದೆ, ಅದಕ್ಕೆ ಮಾತ್ರ ಯಾರೂ ನೆರಳು ಎನ್ನುವುದಿಲ್ಲ.

ನನಗೆ ಬೇಸರವಾಗುತ್ತಿದ್ದದ್ದು ಒಂದೇ. ಅಷ್ಟೂ ಜನ ಬೂಟು ಹಾಕಿ, ಅಂಗಿ ತೊಟ್ಟು, ಹಲ್ಲು ಕಿರಿದು ನಿಂತಿದ್ದಾರೆ, ಒಬ್ಬನಿಗೂ ಕಣ್ಣಿಲ್ಲ. ಟೀವಿ ನೋಡುವಾಗ ಅವರು ಶೋಕೇಸಿನಿಂದ ನಮ್ಮನ್ನೇ ನೋಡುವ ಹಾಗೆ, ಆದರೆ ನೋಡದ ಹಾಗೆ ನಿಂತಿರುತ್ತಿದ್ದರು. ಇವಕ್ಕೆ ಕಣ್ಣು ಯಾವಾಗ ಎಂದರೆ, ಕಣ್ಣು ಎಲ್ಲದಕ್ಕಿಂತ ಕೊನೆಗೆ ಎನ್ನುವರು.

ಆ ದಿನಗಳಲ್ಲೇ ಇವರ ಜೊತೆ ಕೆಲಸ ಮಾಡಿದ, ಬೆನ್ನು ಸ್ವಲ್ಪ ಬಾಗಿದ ಸ್ನೇಹಿತರೊಬ್ಬರು ಬಂದರು. ಕಾಫಿ ಕುಡಿಯುತ್ತ ಶೋಕೇಸಿನ ಮುಂದೆ ನಿಂತವರು, ಹೊಟ್ಟೆ ಮುಂದೆ ಬಂದು ಒಂದೇ ಕೋರೆಹಲ್ಲು ಇದ್ದ ರಾಕ್ಷಸನನ್ನು ಎತ್ತಿಕೊಂಡು ನಗಲು ಶುರು ಮಾಡಿದರು. ಕಾಫಿ ಅಂಗಿಯ ಮೇಲೆ ಚೆಲ್ಲಿತು. "ಲೋ, ಇವ್ನು ನಮ್ಮ ಫೋರ್‌ಮನ್ ಅಲ್ವೇನೋ? ನಿಂತ್ಕೊಳ್ಳೋದೂ ಹಂಗೇ ಮಾಡಿದ್ದೀಯಲ್ಲೋ!" ನಮ್ಮವರು ಇಲ್ಲವಪ್ಪ, ಅವನು ಸುಮ್ಮನೆ ಒಬ್ಬ ರಾಕ್ಷಸ ಎಂದು ವಾದಿಸಿದರು. ಸ್ನೇಹಿತರು ನಂಬಲಿಲ್ಲ. ಒಂದೊಂದೇ ಎತ್ತಿ ಹೆಸರು ಹೇಳುತ್ತ ಹೋದರು. ಇವನು ಯೂನಿಯನ್ ಲೀಡರು, ಇವನು ಕ್ಯಾಂಟೀನಿನವನು, ಇವನು ಸ್ಟೋರಿನಲ್ಲಿ ನಿದ್ದೆ ಮಾಡುತ್ತಿದ್ದವನು. ನಗುತ್ತ ನಗುತ್ತ ಕತ್ತೆಕಿವಿಯ, ಗೂನುಬೆನ್ನಿನ ಒಬ್ಬನನ್ನು ಎತ್ತಿಕೊಂಡರು. ನಗು ನಿಂತಿತು. ಅದನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಬಹಳ ಮೆತ್ತಗೆ, "ಇದು ಯಾರೋ?" ಎಂದರು. ನಮ್ಮವರು ಕಾಫಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಬಂದುಬಿಟ್ಟರು. ಲೋಟವನ್ನು ಎಂದೂ ಎತ್ತಿಡದವರು.

ಇನ್ನು ಕಣ್ಣಿನ ವಿಷಯಕ್ಕೆ ಬರುತ್ತೇನೆ, ಗೊಂಬೆಗಳದ್ದಲ್ಲ, ಇವರದು. ಗೊಂಬೆಯ ಬೆಲ್ಟು ಬಳಿಯುವಾಗ ಕೋಣೆಯ ಟ್ಯೂಬ್‌ಲೈಟು ಮಂಕಾಗಿದೆ ಎಂದು ಹೊಸದು ಹಾಕಿಸಿದರು. ಅದೂ ಮಂಕು ಎಂದರು. ಬ್ರಷ್ಷಿನ ಕೂದಲು ಸರಿಯಿಲ್ಲ ಎಂದರು. ಬಣ್ಣದ ಕಂಪನಿಯವರು ಮೊದಲಿನ ಹಾಗೆ ಮಾಡುವುದಿಲ್ಲ ಎಂದರು. ಕೊನೆಗೆ ನಾನು ಅವರ ಕನ್ನಡಕವನ್ನು ಪಾತ್ರೆಯ ಸೋಪಿನಲ್ಲಿ ತೊಳೆದು ಗಾಜು ಹಾಳುಮಾಡಿದೆ ಎಂಬಲ್ಲಿಗೆ ಬಂತು. ಇನ್ನು ಬಯ್ಯಲು ಯಾರೂ ಉಳಿಯಲಿಲ್ಲವಾದ್ದರಿಂದ ಕಣ್ಣಿನಾಸ್ಪತ್ರೆಗೆ ಹೋದೆವು.

ಎರಡು ಕಣ್ಣಿಗೂ ಪೊರೆ ಬಲಿತಿದೆ, ಆಪರೇಷನ್ ಮಾಡಬೇಕು, ಮೊದಲು ಒಂದು ಕಣ್ಣು, ಅದು ಸರಿಹೋದ ಮೇಲೆ ಇನ್ನೊಂದು ಎಂದು ಡಾಕ್ಟರಮ್ಮ ಹೇಳಿದರು. ತಡಮಾಡಬೇಡಿ ಎಂದೂ ಹೇಳಿದರು.

"ಈ ಬ್ಯಾಚೊಂದು ಮುಗೀಲಿ ಡಾಕ್ಟ್ರೇ" ಎಂದರು ಇವರು.

ಡಾಕ್ಟರಮ್ಮ ಏನೂ ಗೊತ್ತಾಗದೆ ನನ್ನ ಮುಖ ನೋಡಿದರು. ರಾಕ್ಷಸರು ಎಂದೆ. ಇನ್ನೂ ನೋಡುತ್ತಲೇ ಇದ್ದರು. ಚೆಂಡಾಟ ಆಡುವ ರಾಕ್ಷಸರು ಎಂದು ಬಿಡಿಸಿ ಹೇಳಿದೆ. ಆಕೆ ಎದ್ದು ಬಂದು ನನ್ನ ಕಣ್ಣಿಗೂ ಟಾರ್ಚು ಬಿಟ್ಟು ನೋಡಿದರು. ಇಂಥ ಮಾತಾಡುವ ಮನೆಯಲ್ಲಿ ಎಲ್ಲರನ್ನೂ ಪರೀಕ್ಷೆ ಮಾಡುವುದು ಒಳ್ಳೆಯದು ಅನಿಸಿರಬೇಕು. ನಿಮಗೂ ಬಲಗಣ್ಣಿನಲ್ಲಿ ಪೊರೆ ಇದೆ ಅಜ್ಜಿ, ಬೇಕಾದರೆ ಮಾಡಿಸಿಕೊಳ್ಳಬಹುದು, ಆದರೆ ಅವಸರ ನಿಮ್ಮದಲ್ಲ, ಅವರದು ಎಂದರು.

ಅವಸರದವರು ಏನು ಮಾಡಿದರು? ಹದಿನಾರು ಜನರಿಗೆ ಬೆಲ್ಟು ಆಗಿತ್ತು, ಇನ್ನು ಕಣ್ಣೊಂದೇ ಬಾಕಿ. ಒಂದು ಮಧ್ಯಾಹ್ನದ ಕೆಲಸ. ಆದರೆ ಮಾರನೇ ದಿನವೇ ಮೇಷ್ಟ್ರ ಹತ್ತಿರ ಹೋಗಿ, ಆಟದಲ್ಲಿ ಯಾರಿಗಾದರೂ ಪೆಟ್ಟಾದರೆ ಬದಲಿಗೆ ಜನ ಬೇಡವೇ ಎಂದು ಕೇಳಿ ಇನ್ನೊಂದು ಡಬ್ಬಿ ತಂದರು. ಬ್ಯಾಚಿಗೆ ಹೊಸಬರು ಸೇರಿದರೆ, ಅವರು ಹಳಬರ ಲೆವೆಲ್ಲಿಗೆ ಬರುವ ತನಕ ಹಳಬರು ಕಾಯಬೇಕು. ಅದು ಕಾರ್ಖಾನೆಯ ನಿಯಮವಂತೆ. ಹೊಸಬರು ಬೆಲ್ಟಿಗೆ ಬಂದರು. ಅಷ್ಟರಲ್ಲಿ ತಂಡಕ್ಕೊಬ್ಬ ಕೋಚು ಬೇಕೆನಿಸಿತು. ಕೋಚ್ ಬೆಲ್ಟಿಗೆ ಬಂದ. ನೀರು ಕೊಡುವವನು ಬೇಡವೇ? ಅವನೂ ಬಂದ. ಪೆಟ್ಟಾದವರನ್ನು ನೋಡಲು ಒಬ್ಬ ಡಾಕ್ಟರ್ ಬೇಡವೇ? ರಾಕ್ಷಸರಿಗೆ ಡಾಕ್ಟರನ್ನು ಮಾಡಿಕೊಟ್ಟರು. ತಾವು ಮಾತ್ರ ಡಾಕ್ಟರ ಕಡೆ ತಲೆ ಹಾಕಲಿಲ್ಲ. ಮಗಳು ಆರ್.ಟಿ. ನಗರದಿಂದ ದಿನಾ ಫೋನ್ ಮಾಡಿ, ಅಪ್ಪ, ಈಗೆಲ್ಲ ಅದು ಏನೂ ಅಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದುಬಿಡಬಹುದು ಎನ್ನುತ್ತಿದ್ದಳು. ಆಗಲಮ್ಮ, ಈ ಬ್ಯಾಚೊಂದು ಮುಗಿಯಲಿ. ಹೀಗೇ ಗಣೇಶನ ಹಬ್ಬ ಹೋಯಿತು, ದೀಪಾವಳಿ ಹೋಯಿತು.

ಅಷ್ಟರಲ್ಲಿ ಕಾಣುವುದು ಇನ್ನೂ ಕಡಿಮೆಯಾಗಿತ್ತು. ಹೆಬ್ಬಾಳಕ್ಕೆ ಹೋಗಬೇಕಾದವರು ಬಸ್ಸಿನ ಬೋರ್ಡು ಕಾಣದೆ ಹೆಸರಘಟ್ಟಕ್ಕೆ ಹೋದರು. ಮನೆಗೆ ಬಂದು, ಕೆರೆ ನೋಡಿ ಬಹಳ ದಿನ ಆಗಿತ್ತು, ಅದಕ್ಕೇ ಹೋದೆ ಎಂದರು. ಕೆರೆಯಲ್ಲಿ ನೀರಿತ್ತಾ ಎಂದು ಕೇಳಿದೆ. ಯೋಚನೆ ಮಾಡಿ, ಇದ್ದ ಹಾಗಿತ್ತು ಎಂದರು. ಇನ್ನೊಂದು ಸಲ ತರಕಾರಿ ತರಲು ಹೋಗಿದ್ದೆವು. ರಸ್ತೆ ದಾಟುವಾಗ ಪಕ್ಕದಿಂದ ಆಟೋ ಬಂದದ್ದು ಇವರಿಗೆ ಕಾಣಲೇ ಇಲ್ಲ, ಕಾಲು ಮುಂದಿಟ್ಟೇಬಿಟ್ಟರು. ನಾನು ಬೆನ್ನಿನ ಅಂಗಿ ಹಿಡಿದು ಎಳೆದೆ. ಅಂಗಿ ಪರ್ರೆಂದು ಹರಿಯಿತು. ಮನೆಗೆ ಬಂದು ಸಂಜೆಯ ತನಕ ಅಂಗಿಯ ವಿಷಯಕ್ಕೆ ಜಗಳ ಆಡಿದರು, ಆಟೋ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಅವತ್ತು ನಾನು ಒಂದೇ ಹಾಲಿಗೆ ಎರಡು ಸಲ ಹೆಪ್ಪು ಹಾಕಿದೆ ಎಂಬುದನ್ನು ಬರೆಯುತ್ತೇನೆ, ಯಾಕೆಂದರೆ ಅದು ನಡೆದದ್ದು.

ಬ್ಯಾಚು ಮುಗಿದದ್ದು ನನ್ನಿಂದಲೂ ಅಲ್ಲ, ಮಗಳಿಂದಲೂ ಅಲ್ಲ, ಮೇಷ್ಟ್ರಿಂದ. ಪಾಪ, ಅವರೂ ಎಷ್ಟು ದಿನ ಕಾಯುತ್ತಾರೆ? ಸಂಕ್ರಾಂತಿ ಕಳೆದ ಭಾನುವಾರ ಯಲಹಂಕದಿಂದ ಸ್ನೇಹಿತರು ತಂಡ ತೆಗೆದುಕೊಂಡು ಬರುತ್ತಾರೆ, ಕಣ್ಣಿದ್ದರೂ ಸರಿ ಇಲ್ಲದಿದ್ದರೂ ಸರಿ, ಅವತ್ತು ಆಟ ಎಂದು ಹೇಳಿಬಿಟ್ಟರು. ಕಣ್ಣಿಲ್ಲದ ಮಾಲನ್ನು ಹೊರಗೆ ಕಳಿಸುವ ಜಾತಿಯವರಲ್ಲ ಇವರು. ಬಾಗಿಲು ಹಾಕಿಕೊಂಡು ಕೂತು, ಎಲ್ಲರಿಗೂ ಬಿಳಿ, ಆಮೇಲೆ ಎಲ್ಲರಿಗೂ ಕಪ್ಪು ಚುಕ್ಕೆ, ಹೀಗೆ ಕಣ್ಣು ಇಟ್ಟು ಮುಗಿಸಿದರು. ಹೊರಗೆ ಬಂದಾಗ ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಮುಖ ಮಾತ್ರ ನೋಡಬೇಕಿತ್ತು. ಡಬ್ಬಿಯನ್ನು ನನಗೂ ತೋರಿಸದೆ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಮಹಡಿ ಹತ್ತಿದರು.

ನಾನು ಕೋಡುಬಳೆ ಹಿಡಿದುಕೊಂಡು ಮೇಲೆ ಹೋಗುವ ಹೊತ್ತಿಗೆ ಆಟ ಶುರುವಾಗಿತ್ತು. ನೀಲಿ ಅಂಗಿಯವರು ಒಂದು ಕಡೆ ಸಾಲಾಗಿ ನಿಂತಿದ್ದರು. ಬಗ್ಗಿ ನೋಡಿದೆ. ಎಲ್ಲರ ಕಣ್ಣುಗುಡ್ಡೆಯೂ ಎಡಗಡೆಗೆ ಸರಿದಿತ್ತು. ಒಬ್ಬನದಲ್ಲ, ಇಬ್ಬರದಲ್ಲ, ಇಡೀ ತಂಡದ್ದು, ಕೋಚು, ಡಾಕ್ಟರು, ನೀರಿನವನದೂ ಸೇರಿ. ಚೆಂಡು ಬಲಗಡೆ ಇತ್ತು.

ಯಲಹಂಕದಿಂದ ಬಂದವರಲ್ಲಿ ಒಬ್ಬರು ತಡೆಯಲಾರದೆ, "ಏನ್ ಅಂಕಲ್, ನಿಮ್ಮ ಟೀಮ್ ಬಾಲ್ ಬಿಟ್ಟು ಪಕ್ಕದ್ಮನೆ ನೋಡ್ತಿದೆ" ಎಂದರು. ಎಲ್ಲರೂ ನಕ್ಕರು. ನಮ್ಮವರೂ ಜೋರಾಗಿ ನಕ್ಕರು, ಅವರಿಗೆ ಅದು ಆಟದ ತಮಾಷೆ ಎನಿಸಿತು. ಅವರು ನಗುವುದನ್ನು ನೋಡಿ ಉಳಿದವರ ನಗು ನಿಂತುಹೋಯಿತು. ಮೇಷ್ಟ್ರು ಅವಸರವಾಗಿ, "ಭಾರಿ ಆಗ್ಯಾವ್ರಿ ಕಾಕಾರ, ಭಾರಿ ಆಗ್ಯಾವು" ಎಂದು ದಾಳ ಹಾಕಿದರು. ಆಮೇಲೆ ಯಾರೂ ಗೊಂಬೆಯ ಮುಖ ನೋಡಲಿಲ್ಲ. ಒಳ್ಳೆಯ ಜನ. ಆದರೆ ಇವರಿಗೆ ನಿಜ ಹೇಳುವ ಕೆಲಸ ಒಳ್ಳೆಯ ಜನರಿಂದ ಆಗುವುದಿಲ್ಲ.

ಸಂಜೆ ಇವರು ವರಾಂಡದಲ್ಲಿ ಕೂತು ಗೊಂಬೆಗಳನ್ನು ಡಬ್ಬಿಯಿಂದ ತೆಗೆದು ಮತ್ತೆ ಸಾಲು ಮಾಡುತ್ತಿದ್ದರು. ತಂಡ ಗೆದ್ದಿತ್ತು. ನಾನು ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತೆ.

"ರೀ, ನಿಮ್ಮ ರಾಕ್ಷಸರಿಗೆಲ್ಲ ಮೆಳ್ಳೆಗಣ್ಣು" ಎಂದೆ.

ಅವರು ಒಂದನ್ನು ಎತ್ತಿ ಹತ್ತಿರ ಹಿಡಿದರು. ದೂರ ಹಿಡಿದರು. ಬೆಳಕಿನ ಕಡೆಗೆ ತಿರುಗಿಸಿದರು. ಕೆಳಗಿಟ್ಟು ಇನ್ನೊಂದನ್ನು ಎತ್ತಿದರು.

"ಎಷ್ಟು ಜನಕ್ಕೆ?"

"ಎಲ್ರಿಗೂ."

"ಎಲ್ಲಾ ಒಂದೇ ಕಡೆಗಾ?"

"ಒಂದೇ ಕಡೆಗೆ."

"ಒಂದೇ ಕಡೆಗಾದ್ರೆ ಪರ್ವಾಗಿಲ್ಲ" ಎಂದರು. ಆದರೆ ದನಿಯಲ್ಲಿ ಜೀವ ಇರಲಿಲ್ಲ. ಗೊಂಬೆಯನ್ನು ಕೈಯಲ್ಲೇ ಹಿಡಿದುಕೊಂಡು ಬೀದಿಯ ಕಡೆ ನೋಡುತ್ತ ಕೂತರು. ನಾನು ಅವರೆಕಾಯಿ ಸುಲಿದೆ. ಈಗ ಬ್ಯಾಚು ಮುಗಿದಿತ್ತು. ಇನ್ನು ಆಪರೇಷನ್ ಮುಂದೂಡಲು ಅವರ ಹತ್ತಿರ ನೆಪ ಉಳಿದಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

"ಫ್ಯಾಕ್ಟ್ರೀಲಿ ಒಂದು ಪದ್ಧತಿ ಇತ್ತು ಕಣೆ" ಎಂದರು ಆಮೇಲೆ. "ಹೊಸ ಬ್ಯಾಚು ಓಡಿಸೋ ಮುಂಚೆ ಒಂದೇ ಒಂದು ಪೀಸು ಮಾಡಿ ಇನ್‌ಸ್ಪೆಕ್ಷನ್ನಿಗೆ ಕಳಿಸ್ತಿದ್ವಿ. ಫಸ್ಟ್ ಪೀಸು ಅಂತ. ಅದು ಪಾಸಾದ್ರೆ ಮಿಕ್ಕಿದ್ದು. ಕೆಟ್ರೆ ಅದೊಂದನ್ನ ಗುಜರಿಗೆ ಹಾಕಿ, ಎಲ್ಲಿ ತಪ್ಪಾಯ್ತು ಅಂತ ನೋಡ್ತಿದ್ವಿ."

"ಸರಿ. ಅದಕ್ಕೇನೀಗ?"

"ಇಲ್ಲಿ ಫಸ್ಟ್ ಪೀಸು ನನ್ನ ಕಣ್ಣೇ. ಗುಜರಿಗೆ ಹಾಕಕ್ಕೆ ನನ್ನತ್ರ ಬೇರೆ ಇಲ್ಲ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಹೆದರಬೇಡಿ, ಏನೂ ಆಗುವುದಿಲ್ಲ ಎಂದು ಮಗಳು ಹೇಳಿದ್ದಳು, ಡಾಕ್ಟರಮ್ಮ ಹೇಳಿದ್ದರು, ಮೇಷ್ಟ್ರೂ ಹೇಳಿದ್ದರು. ಅದನ್ನೇ ನಾನೂ ಹೇಳಿದರೆ ಅದು ಇನ್ನೊಂದು ಕೈ ಬಣ್ಣ, ಅಷ್ಟೇ. ನಲವತ್ತು ವರ್ಷದಿಂದ ನಾನು ನಗಾಡಿಕೊಂಡು ಬಂದ ಮನುಷ್ಯ ಮೊದಲ ಸಲ ಒಂದು ಹೆದರಿಕೆಯನ್ನು ನನ್ನ ಮುಂದೆ ತೆಗೆದಿಟ್ಟಿದ್ದರು, ಅದೂ ಒಂದೇ ಒಂದನ್ನು. ಹೂಂ ಎಂದೆ. ಸಿಪ್ಪೆ ಬಾಚಿಕೊಂಡು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಮಾರನೇ ದಿನ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಸೀರೆ ಬದಲಾಯಿಸಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ಕಣ್ಣಿನಾಸ್ಪತ್ರೆಗೆ ಹೋದೆ. ಆಪರೇಷನ್ನಿಗೆ ದಿನ ಗೊತ್ತುಮಾಡಬೇಕು ಎಂದೆ. ಯಾರಿಗೆ ಎಂದು ಕೌಂಟರಿನ ಹುಡುಗಿ ಕೇಳಿದಳು. ಇಬ್ಬರಿಗೆ, ನನಗೂ ನಮ್ಮ ಯಜಮಾನರಿಗೂ ಎಂದೆ. ಆಕೆ ನಮ್ಮ ಹಳೆಯ ವಿವರ ತೆಗೆದು ನೋಡಿ, ನಿಮಗೆ ಅವಸರವಿಲ್ಲ ಅಂದಿದ್ದಾರಲ್ಲ ಅಜ್ಜಿ, ಮೊದಲು ತಾತನದು ಬರೆಯಲಾ ಎಂದಳು.

"ಬೇಡ. ಮೊದ್ಲು ನಂದು ಬರ್ಕೊಳಮ್ಮ" ಎಂದೆ. "ಪಟ್ಟಿ ಬಿಚ್ಚಿದ್ಮೇಲೆ ಅವ್ರು ನನ್ನ ಕಣ್ಣು ನೋಡ್ಬೇಕು. ನೋಡಿ ಪಾಸು ಅಂದ್ಮೇಲೆ ಅವ್ರದ್ದು."